ಮೂರು ಗಂಟೆ

ನಮ್ಮ ಹಟ್ಟಿ ಗಣಿಯೊಳಗ ಗಂಟೆಗೂ ಒಂದು ಭಾಷೆ ಐತ್ರಿ, ಮೇಡಮ್ಮರ.
ಒಂದು ಹೊಡದ್ರ ನಿಲ್ಲು.
ಎರಡು ಹೊಡದ್ರ ಇಳಿಸು.
ಮೂರು ಹೊಡದ್ರ, ಕೇಜಿನಾಗ ಮನುಷ್ಯಾರು ಅದಾರ,
ಕಲ್ಲಲ್ಲ, ಕಬ್ಬಿಣಲ್ಲ, ಮೆಲ್ಲಕ ಎಳಿ ಅಂತ.

ಹತ್ತೊಂಬತ್ತು ವರ್ಷ ನಾ ಮುಖ ನೋಡಿಲ್ಲ, ಗಂಟೆ ಕೇಳೀನಿ.
ಮ್ಯಾಲಿನ ಇಂಜಿನ್ ಖೋಲಿ, ಒಂದು ಲಿವರು, ಒಂದು ಮುಳ್ಳು,
ಗ್ವಾಡಿಗೆ ಹ್ವಾದ ವರ್ಷದ ಕ್ಯಾಲೆಂಡರು.
ಹಗ್ಗದ ತುದಿಗೆ ಎರಡು ಸಾವಿರ ಫೂಟಿನ ಕತ್ತಲಿ.

ಆ ಶುಕ್ರವಾರ ಮೂರು ಹೊಡದ್ರು. ಎಳದೆ.
ಮಂದಿ ಕೂಗೋದು ಕೇಳಿ ಎದ್ದು ಹೋದೆ, ಎಂದೂ ಹೋಗದವ.
ಐದು ಮಂದಿ ಬಂದಿದ್ರು. ನಾಲ್ಕು ಮಂದಿ ನಿಂತಿದ್ರು.
ಗದ್ದೆಪ್ಪ ಮಲಗಿದ್ದ.
ಅಂವ ಹೋಗಿ ಅರ್ಧ ತಾಸು ಆಗಿತ್ತಂತ.
ಆದ್ರೂ ಕೆಳಗಿನವ್ರು ಮೂರೇ ಹೊಡದಿದ್ರು.

ನನಗೇನಾಗಿತ್ತು? ಏನೂ ಇಲ್ಲ.
ಗಾಯ ಆದವರಿಗೆ ದವಾಖಾನಿ, ಹೋದವನ ಮನಿಗೆ ಪರಿಹಾರ,
ಕಲ್ಲು ಬಿದ್ದ ಜಾಗಕ್ಕ ಹೊಸಾ ಕಂಬ.
ನಾ ಮ್ಯಾಲಿದ್ದವ. ಕುರ್ಚಿಯಾಗ ಕುಂತವ.
ಸಹಿ ಮಾಡಿ, ಮನಿಗೆ ಹೋಗಿ ರೊಟ್ಟಿ ತಿಂದೆ.
ಪುಂಡಿಪಲ್ಯ. ರುಚಿ ಇತ್ತು. ಅದನ್ನೂ ನಾ ಮರ್ತಿಲ್ಲ.

ಹನ್ನೆರಡು ದಿನ ಬಿಟ್ಟು ಕೈ ನಡಗಾಕ ಹತ್ತಿತು.
ರಾತ್ರಿ ಮೂರು ಗಂಟೆಗೆ ಮೂರು ಗಂಟೆ.
ಗಡಿಯಾರದ್ದು ಯಾವುದು, ಶಾಫ್ಟಿಂದು ಯಾವುದು, ತಿಳೀವಲ್ದು.
ಅವ್ವ ತಾಯಿತ ಕಟ್ಟಿಸಿದ್ಲು. ಮಾವ ಕುಡಿ ಅಂದ. ಕುಡದೆ.
ಕಂಪನಿ ಡಾಕ್ಟರು ಗುಳಿಗಿ ಕೊಟ್ರು;
ನಿದ್ದಿ ಬಂತು, ಗಂಟೆ ಹೋಗಲಿಲ್ಲ,
ನಿದ್ದಿಯೊಳಗ ಇಳದು ಅಲ್ಲಿಂದ ಬಡಿತಿತ್ತು.
ಗೆಳ್ಯಾರು, ‘ಮನಸ್ಸು ಗಟ್ಟಿ ಮಾಡ್ಕೋ ಮೌಲಪ್ಪ.’
ಗಟ್ಟಿ ಅಂದ್ರೇನ್ರಿ? ಆ ಕಲ್ಲೂ ಗಟ್ಟಿನೇ ಇತ್ತು. ಬಿತ್ತು.

ಹಂಗ ಲಿಂಗಸೂಗೂರಿಗೆ ಬಂದೆ, ಮಂಗಳವಾರಕ್ಕೊಮ್ಮೆ.
ನನ್ನ ತಂಗಿಗಿಂತ ಸಣ್ಣವ್ರು ನೀವು, ಏನ್ ಬುದ್ಧಿ ಹೇಳ್ತೀರಿ ಅಂತ ಕುಂತೆ.
ಏನೂ ಹೇಳಲಿಲ್ಲ ನೀವು.
ಚೀಟಿಯೊಳಗ ‘ಒಂದು ಗಂಟೆ’ ಅಂತ ಬರದಿತ್ತು.
ನಮ್ಮಾಗ ಒಂದು ಗಂಟೆ ಅಂದ್ರ ನಿಲ್ಲು.

ಕಣ್ಣು ಮುಚ್ಚಿ ಆ ಶುಕ್ರವಾರ ಹೇಳ್ರಿ ಅಂದ್ರಿ.
ನಾಲ್ಕು ನಿಮಿಷದಾಗ ಹೇಳಿ ಚಪ್ಲಿ ಹಾಕ್ಕೊಂಡೆ.
ಮುಂದಿನ ವಾರ ಅದನ್ನೇ. ಮತ್ತ ಅದನ್ನೇ.
‘ಮೆಲ್ಲಕ,’ ಅಂದ್ರಿ ಒಮ್ಮೆ, ‘ಕೇಜಿನಾಗ ಮನುಷ್ಯಾರು ಅದಾರ.’
ಸಿಟ್ಟು ಬಂದಿತ್ರಿ. ಗಾಯ ಕೆರೆಯಾಕ ಸರ್ಕಾರ ಪಗಾರ ಕೊಡತೈತೇನು ಅಂತ
ಬಸ್ಸಿನಾಗ ಬೈಕೊಂತ ಹೋದೆ. ಒಂದು ವಾರ ಬರಲೇ ಇಲ್ಲ.

ಐದನೇ ಸಲ ಹೇಳುವಾಗ ಗದ್ದೆಪ್ಪನ ಮಗ್ಗಲದಾಗ ಬುತ್ತಿ ಡಬ್ಬಿ ಕಂಡಿತು.
ಏಳನೇ ಸಲ ಅದರ ಮುಚ್ಚಳ ಕಂಡಿತು.
ತಗದಿರಲಿಲ್ಲ. ಉಂಡಿರಲಿಲ್ಲ ಅಂವ.
ಅವತ್ತು ನನ್ನ ಪುಂಡಿಪಲ್ಯ ಗಂಟಲಿಗೆ ಬಂತು, ಎಂಟು ತಿಂಗಳ ಹಿಂದಿಂದು.
ನಮ್ಮಪ್ಪ ತೀರಿದಾಗೂ ಅಷ್ಟು ಅತ್ತಿಲ್ಲ ನಾ.
ನೀವು ನೀರು ಕೊಟ್ರಿ. ಗಡಿಯಾರ ನೋಡಲಿಲ್ಲ.
ಆಮ್ಯಾಲ ಕೇಳಿದ್ರಿ,
‘ಸತ್ತವಂಗೂ ಮೂರು ಯಾಕ ಹೊಡದ್ರು?’

ಉತ್ತರ ಹುಡುಕಾಕ ಹದಿನೈದು ದಿನ ಹೋತು.
ಮನುಷ್ಯಾ ಅಲ್ಲೇನ್ರಿ ಅಂವ, ಅಂದೆ.
‘ನೀವು?’ ಅಂದ್ರಿ.

ಲಿವರ್ ಇನ್ನೂ ಹಿಡದಿಲ್ಲ. ಟೈಮ್ ಆಫೀಸಿನಾಗ ಹಾಜರಿ ಬರೀತೀನಿ.
ಇಂಜಿನ್ ಖೋಲಿ ಬಾಗಲತನ ಹೋಗಿ ಬರೋದು ಈ ವಾರದ ಲೆಕ್ಕ;
ಮುಂದಿನ ವಾರ ಒಳಗ ಹತ್ತು ನಿಮಿಷ ಕುಂಡ್ರೋದು, ಬರೇ ಕುಂಡ್ರೋದು.
ಕೈ ನಡಗಿದ್ರ ನಡಗಲಿ ಅಂದೀರಿ.

ನಿನ್ನಿ ರಾತ್ರಿ ಮತ್ತ ಎಚ್ಚರಾತು.
ಹುಸೇನಮ್ಮ ಹೊಳ್ಳಿ ಮಲಗಿದ್ಲು.
ನನ್ನ ಕೂಡ ಆಡದ ಮಾತು ಅಲ್ಲೇನ್ ಆಡ್ತಿ ಅಂತ ಜಗಳಾಡಿದಾಕಿ,
ಅದೇ ಜಗಳದಾಗ ಗಂಟೆ ಭಾಷೆ ಕಲತಾಕಿ, ಅರ್ಧ.
ಏನೂ ಕೇಳಲಿಲ್ಲ.
ಕತ್ತಲಾಗ ಮಂಚದ ಕಬ್ಬಿಣಕ್ಕ ಬಳಿ ಬಡದ್ಲು,
ಎರಡು ಸಲ.

ಎರಡಂದ್ರ ಇಳಿಸು ಅಂತ, ಹುಚ್ಚಿ.
ಮೂರನೇದು ನಾನೇ ಹೊಡದೆ.